ಅಪ್ಪ ತೀರಿಸಿದ ಸಾಲ, ಯೇಸು ಹೊತ್ತ ಪಾಪ: ಎರಡೂ ಒಂದೇನಾ?

ಪ್ರಶ್ನೆ: ಫಾದರ್, ನಮಸ್ಕಾರ. ನಮ್ಮ ಊರು ಅಂಕೋಲಾ ಕಡೆ. ಕೆಲಸ ಕಾರವಾರದಲ್ಲಿ. ಈ ಸಲ ಶುಭ ಶುಕ್ರವಾರ ಆಫೀಸಿನ ಗೆಳತಿಯ ಜೊತೆ ಇಗರ್ಜಿಗೆ ಹೋಗಿದ್ದೆ. ‘ಮನುಷ್ಯರೆಲ್ಲ ದೇವರ ವಿರುದ್ಧ ದಂಗೆ ಎದ್ದವರು. ನಮ್ಮ ಪಾಪದ ಸಾಲವನ್ನು ಯೇಸು ರಕ್ತ ಕೊಟ್ಟು ತೀರಿಸಿದರು’ ಅಂತ ಅಲ್ಲಿ ಪ್ರವಚನ ಮಾಡಿದರು. ಕೇಳಿ ತಲೆ ಕೆಟ್ಟಿತು. ನಾನು ಯಾರಿಗೂ ಮೋಸ ಮಾಡಿದವಳಲ್ಲ. ನಾನು ಯಾವಾಗ ದಂಗೆ ಎದ್ದೆ? ಯಾವುದೋ ಕಾಲದಲ್ಲಿ ಆದಾಮ ಹಣ್ಣು ತಿಂದರೆ ನನಗೇಕೆ ಶಿಕ್ಷೆ? ದೇವರಿಗೆ ಮನಸ್ಸಿದ್ದರೆ ಸುಮ್ನೆ ಕ್ಷಮಿಸಬಹುದಿತ್ತಲ್ಲ, ರಕ್ತ ಯಾಕೆ ಬೇಕಿತ್ತು? ನಮ್ಮ ಶಿರಸಿ ಮಾರಿಕಾಂಬಾ ಜಾತ್ರೆಯಲ್ಲೇ ಕೋಣನ ಬಲಿ ನಿಂತು ಎಷ್ಟೋ ಕಾಲ ಆಯಿತು. ‘ಮಾಡಿದ್ದುಣ್ಣೋ ಮಹಾರಾಯ’ ಅಂತ ಕೇಳಿ ಬೆಳೆದವರು ನಾವು. ಒಬ್ಬರ ಪಾಪ ಇನ್ನೊಬ್ಬರು ಹೊರುವುದು ಯಾವ ನ್ಯಾಯ?

ಇದನ್ನೆಲ್ಲ ಕೇಳಲು ಕಾರಣ ಇದೆ. ನನ್ನ ಅಣ್ಣ ಬೋಟಿನಲ್ಲಿ ಪಾಲು ತಗೊಳ್ಳುತ್ತೇನೆ ಅಂತ ಸೊಸೈಟಿ ಸಾಲ ಮಾಡಿದ. ಅದರ ಮೇಲೆ ಕೈಸಾಲ ಬೇರೆ. ಎಲ್ಲ ಕುಡಿತಕ್ಕೆ, ಓಸಿ ಜೂಜಿಗೆ ಹೋಯಿತು. ಊರಲ್ಲಿ ಮಾನ ಹೋಗಬಾರದು ಅಂತ ಅಪ್ಪ ಗದ್ದೆ ಮಾರಿ ತೀರಿಸಿದರು. ಕೇಳಿದವರಿಗೆ ‘ವ್ಯಾಪಾರದಲ್ಲಿ ಲಾಸ್ ಆಯಿತು’ ಅಂದರು. ಅಣ್ಣನಿಗೆ ಒಂದು ಮಾತೂ ಆಡಲಿಲ್ಲ. ಅವನು ಬದಲಾಗಲಿಲ್ಲ. ಈಗ ಮತ್ತೆ ಸಾಲ ಮಾಡಿದ್ದಾನೆ, ಮನೆಯವರೆಲ್ಲ ನನ್ನ ಮುಖ ನೋಡುತ್ತಿದ್ದಾರೆ. ಬೇರೆಯವರು ತೀರಿಸಿದರೆ ಮನುಷ್ಯ ಸರಿಯಾಗುತ್ತಾನೆ ಅಂತ ನಾನು ಹೇಗೆ ನಂಬಲಿ? ಕೊನೆಗೊಂದು: ಅವತ್ತು ಎಲ್ಲರೂ ಶಿಲುಬೆಗೆ ಮುತ್ತಿಟ್ಟರು, ಪ್ರಸಾದ ತಗೊಂಡರು. ನಾನು ಕೂತೇ ಇದ್ದೆ. ಮುಂದಿನ ಸಲ ಹೋದರೆ ಏನು ಮಾಡಬೇಕು?

ಉತ್ತರ: ನಮಸ್ಕಾರ. ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಸುಮಾರಿವೆ. ಆದರೆ ನಿಜವಾಗಿ ಕಾಡುತ್ತಿರುವುದು ಅಣ್ಣನ ವಿಷಯ, ಅಲ್ವಾ? ಒಬ್ಬ ಹಾಳು ಮಾಡುತ್ತಾನೆ, ಇನ್ನೊಬ್ಬರು ತೆರುತ್ತಾರೆ, ಹಾಳು ಮಾಡಿದವನು ಆರಾಮಾಗಿ ಇರುತ್ತಾನೆ. ಇದನ್ನು ಮನೆಯಲ್ಲೇ ಕಂಡವರಿಗೆ ಇಗರ್ಜಿಯಲ್ಲಿ ಅದೇ ಶುಭವಾರ್ತೆ ಅಂತ ಹೇಳಿದರೆ ಸಿಟ್ಟು ಬರುವುದು ಸಹಜ. ಅಲ್ಲಿಗೇ ಬರುತ್ತೇನೆ, ಸ್ವಲ್ಪ ಸುತ್ತು ಹಾಕಿಕೊಂಡು.

ನಾನು ಕೆಥೋಲಿಕ್ ಪಾದ್ರಿ. ನಮ್ಮವರು ಏನು ನಂಬುತ್ತಾರೆ, ಯಾಕೆ ನಂಬುತ್ತಾರೆ ಅಂತ ಹೇಳುವುದು ನನ್ನ ಕೆಲಸ. ನೀವು ಒಪ್ಪಲೇಬೇಕು ಅಂತ ಬರೆಯುತ್ತಿಲ್ಲ. ಹಾಗಂತ ‘ಎಲ್ಲ ಧರ್ಮ ಹೇಳುವುದೂ ಒಂದೇ’ ಅಂತ ಮಾತು ತೇಲಿಸುವುದೂ ನನಗೆ ಹಿಡಿಸುವುದಿಲ್ಲ. ಕರ್ಮದ ಲೆಕ್ಕಕ್ಕೂ ಶಿಲುಬೆಗೂ ನಿಜವಾಗಿ ವ್ಯತ್ಯಾಸ ಇದೆ. ಅದನ್ನು ನೀವು ಸರಿಯಾಗಿಯೇ ಹಿಡಿದಿದ್ದೀರಿ.

ಮೊದಲು ದಂಗೆ. ದಂಗೆ ಅಂದರೆ ಕೊಲೆ, ಸುಲಿಗೆ, ಮೋಸದ ಪಟ್ಟಿ ಕಣ್ಣ ಮುಂದೆ ಬರುತ್ತದೆ. ಆ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ, ಒಪ್ಪಿದೆ. ಆದರೆ ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡದ 3ನೇ ಅಧ್ಯಾಯದ ಕಥೆಯಲ್ಲಿ ಅಂಥದ್ದೇನೂ ಇಲ್ಲ. ಅಲ್ಲಿ ಸೇಬೂ ಇಲ್ಲ. ಯಾವ ಹಣ್ಣು ಅಂತ ಬೈಬಲ್ ಹೇಳುವುದೇ ಇಲ್ಲ. ಗಂಡು ಹೆಣ್ಣು ಕೂಡಿದ್ದೇ ಆ ಪಾಪ ಅನ್ನುವವರಿದ್ದಾರೆ, ಅದೂ ಸುಳ್ಳು. ಹಾವು ಹೇಳಿದ್ದು ಬೇರೆ: ಇದನ್ನು ತಿಂದರೆ ನೀವೂ ದೇವರ ಹಾಗೆ ಆಗುತ್ತೀರಿ, ಒಳಿತು ಕೆಡುಕು ತಿಳಿದವರಾಗುತ್ತೀರಿ. ಆಸೆ ಹುಟ್ಟಿದ್ದು ಅಲ್ಲಿ. ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಅಂತ ತೀರ್ಮಾನಿಸುವ ಜಾಗದಲ್ಲಿ ನಾನೇ ಕೂರಬೇಕು, ನನ್ನ ಮೇಲೆ ಇನ್ನೊಬ್ಬರು ಇರಬಾರದು. ದಂಗೆ ಅಂದರೆ ಇಷ್ಟೇ. ಸಭ್ಯರೂ ಮಾಡಬಹುದಾದ ದಂಗೆ ಇದು. ಗಲಾಟೆ ಇಲ್ಲದೆ, ಪೂಜೆ ಪ್ರಾರ್ಥನೆ ತಪ್ಪಿಸದೆ ಮಾಡಬಹುದು.

ತಿಂದ ಮೇಲೆ ಏನಾಯಿತು ನೋಡಿ. ಇಬ್ಬರೂ ಅಡಗಿಕೊಂಡರು. ‘ಎಲ್ಲಿದ್ದೀಯ?’ ಅಂತ ದೇವರು ಕೇಳಿದರು. ನೀವು ಕೊಟ್ಟ ಈ ಹೆಂಗಸೇ ನನಗೆ ಕೊಟ್ಟಳು ಅಂದ ಆದಾಮ. ಒಂದೇ ಮಾತಿನಲ್ಲಿ ಹೆಂಡತಿಯ ಮೇಲೂ ಹಾಕಿದ, ದೇವರ ಮೇಲೂ ಹಾಕಿದ. ಅವಳು ಹಾವಿನ ಮೇಲೆ ಹಾಕಿದಳು. ಮುಂದಿನ ಅಧ್ಯಾಯದಲ್ಲಿ ಅವರ ಮಕ್ಕಳಲ್ಲೇ ಅಣ್ಣ ತಮ್ಮನನ್ನು ಕೊಂದ. ದೇವರಿಗೆ ಬೆನ್ನು ಹಾಕಿದ್ದು ಮೊದಲು ಮನೆಯೊಳಗೇ ಕಾಣಿಸಿತು. ಸಂಸಾರದ ಜಗಳ ಬಗೆಹರಿಸಲು ಕೂತಾಗಲೆಲ್ಲ ಆದಾಮನ ಈ ಮಾತು ಒಂದಲ್ಲ ಒಂದು ರೂಪದಲ್ಲಿ ನನ್ನ ಕಿವಿಗೆ ಬೀಳುತ್ತದೆ. ಕಥೆಯ ಭಾಷೆ ಸಾಂಕೇತಿಕ ಅಂತ ನಮ್ಮ ಧರ್ಮಸಭೆಯೂ ಒಪ್ಪುತ್ತದೆ. ಆದರೆ ಮನುಷ್ಯರ ಚರಿತ್ರೆಯ ಮೊದಲಲ್ಲೇ ಸಂಬಂಧ ಮುರಿಯಿತು ಅನ್ನುವುದನ್ನು ನಿಜ ಅಂತಲೇ ನಂಬುತ್ತದೆ.

ಆದಾಮನ ತಪ್ಪಿಗೆ ನಿಮಗೆ ಶಿಕ್ಷೆಯಾ? ಇಲ್ಲ. ಅಪ್ಪನ ಪಾಪವನ್ನು ಮಗ ಹೊರುವುದಿಲ್ಲ ಅಂತ ಬೈಬಲ್ಲಿನಲ್ಲೇ, ಯೆಹೆಜ್ಕೇಲನ 18ನೇ ಅಧ್ಯಾಯದಲ್ಲಿ, ನೇರವಾಗಿ ಬರೆದಿದೆ. ನಾವು ಜನ್ಮಪಾಪ ಅನ್ನುವುದು ನೀವು ಮಾಡಿದ ತಪ್ಪಲ್ಲ, ನಿಮಗೆ ಬಂದಿರುವ ಸ್ಥಿತಿ. 1992ರ ಕೆಥೋಲಿಕ್ ಧರ್ಮೋಪದೇಶ ಗ್ರಂಥ ಇದನ್ನು ಬಿಡಿಸಿ ಹೇಳುತ್ತದೆ: ಆದಾಮನ ಸಂತಾನದ ಯಾರಿಗೂ ಅದು ವೈಯಕ್ತಿಕ ಅಪರಾಧ ಅಲ್ಲ. ನಿಮ್ಮ ಮನೆಯ ಲೆಕ್ಕದಲ್ಲೇ ನೋಡಿ. ಗದ್ದೆ ಕಳೆದದ್ದು ನೀವಲ್ಲ. ಆದರೂ ಇವತ್ತು ಅಕ್ಕಿ ಕೊಂಡು ಉಣ್ಣುವವರಲ್ಲಿ ನೀವೂ ಇದ್ದೀರಿ. ನಿಮ್ಮ ಮಕ್ಕಳೂ ಇರುತ್ತಾರೆ.

ಇದರಲ್ಲಿ ನಮ್ಮೊಳಗೂ ಒಮ್ಮತ ಇಲ್ಲ. ಸಂತ ಅಗಸ್ಟಿನರು (354–430) ಆದಾಮನ ಅಪರಾಧವೂ ಸಂತಾನಕ್ಕೆ ಅಂಟುತ್ತದೆ ಅಂದರು. ಪಶ್ಚಿಮದ ಸಭೆಗಳ ಮೇಲೆ ಅವರ ನೆರಳು ಉದ್ದ. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಅಷ್ಟು ದೂರ ಹೋಗುವುದಿಲ್ಲ. ಸಾವು ಬಂತು, ಮನಸ್ಸಿನ ದೌರ್ಬಲ್ಯ ಬಂತು, ಅಪರಾಧ ಬರಲಿಲ್ಲ ಅನ್ನುತ್ತವೆ. ಪ್ರವಚನದಲ್ಲಿ ಇದನ್ನೆಲ್ಲ ಬಿಡಿಸಲು ಸಮಯ ಇರುವುದಿಲ್ಲ. ಹಾಗಾಗಿ ‘ನೀವೆಲ್ಲ ದಂಗೆಕೋರರು’ ಅನ್ನುವುದಷ್ಟೇ ಕೇಳಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಕಾಯಿಲೆ ಬಂದರೆ, ದುರಂತ ಆದರೆ ‘ಅವರ ಪಾಪದ ಫಲ’ ಅನ್ನುವವರು ಎಲ್ಲ ಧರ್ಮದಲ್ಲೂ ಇದ್ದಾರೆ, ನಮ್ಮಲ್ಲೂ ಇದ್ದಾರೆ. ಯೇಸುವಿನ ಕಾಲದಲ್ಲಿ ಜೆರುಸಲೇಮಿನ ಸಿಲೊವಾಮಿನಲ್ಲಿ ಗೋಪುರ ಬಿದ್ದು 18 ಜನ ಸತ್ತಿದ್ದರು. ಅವರೇನು ಊರಿನ ಉಳಿದವರಿಗಿಂತ ದೊಡ್ಡ ಪಾಪಿಗಳಾ ಅಂತ ಕೇಳಿ, ಇಲ್ಲ ಅಂತ ತಾವೇ ಉತ್ತರ ಕೊಟ್ಟರು ಯೇಸು. ಬೈಬಲ್ಲಿನಲ್ಲಿ ಲೂಕ ಬರೆದ ಶುಭವಾರ್ತೆಯ 13ನೇ ಅಧ್ಯಾಯದಲ್ಲಿದೆ. 2024ರ ಜುಲೈನಲ್ಲಿ ನಿಮ್ಮ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೋದವರ ಬಗ್ಗೆ ಯಾರಾದರೂ ಹಾಗೆ ಬಾಯಿ ಹಾಕಿದರೆ ಈ ಅಧ್ಯಾಯ ತೋರಿಸಿ.

ಇನ್ನು ರಕ್ತ. ಶಿರಸಿಯ ಉದಾಹರಣೆ ಕೊಟ್ಟಿದ್ದು ಒಳ್ಳೆಯದಾಯಿತು. ಅಲ್ಲಿ ಕೋಣನ ಬಲಿ ನಿಂತದ್ದರ ಹಿಂದೆ 1934ರಲ್ಲಿ ಶಿರಸಿಗೆ ಬಂದಿದ್ದ ಗಾಂಧೀಜಿಯವರ ಪ್ರಭಾವ ಇತ್ತು. ಯೆಹೂದ್ಯರಲ್ಲೂ ಬಲಿ ಇತ್ತು. ಬೈಬಲ್ಲಿನ ಯಾಜಕಕಾಂಡದ 16ನೇ ಅಧ್ಯಾಯ ಓದಿ. ವರ್ಷಕ್ಕೊಂದು ದಿನ ಎರಡು ಹೋತ ತರುತ್ತಿದ್ದರು. ಚೀಟಿ ಹಾಕುತ್ತಿದ್ದರು. ಒಂದನ್ನು ಬಲಿ ಕೊಡುತ್ತಿದ್ದರು. ಇನ್ನೊಂದರ ತಲೆಯ ಮೇಲೆ ಮಹಾಯಾಜಕ ಕೈಯಿಟ್ಟು ಜನರ ಪಾಪಗಳನ್ನು ಬಾಯಿಬಿಟ್ಟು ಹೇಳಿ, ಅದನ್ನು ಬೆಂಗಾಡಿಗೆ ಅಟ್ಟಿಬಿಡುತ್ತಿದ್ದ. ಆದರೆ ಅದೇ ಜನರ ಪ್ರವಾದಿಗಳು ಇದನ್ನು ಪ್ರಶ್ನಿಸಿದರು. ನನಗೆ ಬಲಿ ಬೇಡ, ದಯೆ ಬೇಕು ಅಂತ ದೇವರೇ ಹೇಳಿದ ಮಾತು ಹೊಶೇಯನ ಗ್ರಂಥದಲ್ಲಿದೆ. ಹೊಸ ಒಡಂಬಡಿಕೆಯ ಹಿಬ್ರಿಯರಿಗೆ ಬರೆದ ಪತ್ರವಂತೂ ಹೋರಿ ಹೋತಗಳ ರಕ್ತ ಪಾಪ ಕಳೆಯಲಾರದು ಅಂತ ಕಡ್ಡಿ ಮುರಿದಂತೆ ಹೇಳುತ್ತದೆ.

ಅಂದರೆ ದೇವರಿಗೆ ರಕ್ತದ ಹಸಿವಿತ್ತು, ಪ್ರಾಣಿ ಸಾಲದೆ ಮಗನನ್ನೇ ತಗೊಂಡರು ಅಂತ ಯಾರಾದರೂ ವಿವರಿಸಿದರೆ ಅದು ಕ್ರೈಸ್ತ ನಂಬಿಕೆಯೇ ಅಲ್ಲ. ಬಲಿಯಲ್ಲಿ ಮನುಷ್ಯ ದೇವರಿಗೆ ಕೊಡುತ್ತಾನೆ. ಶಿಲುಬೆಯಲ್ಲಿ ದೇವರು ಮನುಷ್ಯನಿಗೆ ಕೊಟ್ಟರು. ದಿಕ್ಕೇ ತಿರುಗಿತು. ದೇವರು ಕ್ರಿಸ್ತನಲ್ಲಿದ್ದು ಲೋಕವನ್ನು ತಮ್ಮೊಡನೆ ರಾಜಿ ಮಾಡಿಕೊಂಡರು ಅಂತ ಸಂತ ಪೌಲರು ಬರೆಯುತ್ತಾರೆ. ‘ಇನ್ನೊಬ್ಬರು’ ಹೊತ್ತರು ಅಂತ ನೀವು ಬರೆದಿರಲ್ಲ, ಗಂಟು ಇರುವುದು ಅಲ್ಲೇ. ಯೇಸು ಮೂರನೆಯವರಲ್ಲ, ದೇವರೇ. ನೊಂದವರೇ ನೋವು ನುಂಗಿದರು ಅನ್ನುವುದು ನಮ್ಮ ನಂಬಿಕೆ. ಯೇಸು ದೇವರಲ್ಲ, ಬರೀ ಒಬ್ಬ ಒಳ್ಳೆಯ ಮನುಷ್ಯ ಅಂತಾದರೆ ನಿಮ್ಮ ಆಕ್ಷೇಪ ನೂರಕ್ಕೆ ನೂರು ಸರಿ. ಒಬ್ಬ ಅಮಾಯಕನನ್ನು ಹಿಡಿದು ಬೇರೆಯವರ ಶಿಕ್ಷೆ ಕೊಟ್ಟರೆ ಅದು ಅನ್ಯಾಯವೇ.

ಹಾಗಾದರೆ ಶಿಲುಬೆಯಲ್ಲಿ ನಡೆದದ್ದು ಏನು? ಆಶ್ಚರ್ಯ ಅಂದರೆ ಇದಕ್ಕೆ ಒಂದೇ ವಿವರಣೆ ಅಂತ ಸಭೆಯ ಯಾವ ಮಹಾಸಮ್ಮೇಳನವೂ ಗೆರೆ ಎಳೆದಿಲ್ಲ. ‘ನಮಗಾಗಿ, ನಮ್ಮ ರಕ್ಷಣೆಗಾಗಿ’ ಬಂದರು ಅಂತ 325ರ ನಿಕೇಯ ಸಮ್ಮೇಳನ ಹೇಳಿತು. ಹೇಗೆ ಅನ್ನುವುದನ್ನು ಬಿಟ್ಟಿತು. ಮೊದಲ ಶತಮಾನಗಳವರು ಅದನ್ನು ಗೆಲುವು ಅಂತ ನೋಡಿದರು. ಸಾವು, ಸೈತಾನರ ಹಿಡಿತದಿಂದ ಮನುಷ್ಯನನ್ನು ಬಿಡಿಸಿದ ಗೆಲುವು. ನಾಲ್ಕನೆಯ ಶತಮಾನದ ಬಿಷಪ್ ನಿಸ್ಸಾದ ಗ್ರೆಗೊರಿ ಹೇಳಿದ್ದನ್ನು ಕಾರವಾರದ ಬೈತಖೋಲ ಬಂದರಿನ ಮೀನುಗಾರರು ಕೇಳಿದರೆ ನಗಬಹುದು: ಗಾಳಕ್ಕೆ ಎರೆ ಸಿಕ್ಕಿಸಿದ ಹಾಗೆ ಮನುಷ್ಯ ದೇಹದೊಳಗೆ ದೈವತ್ವ ಅಡಗಿತ್ತು, ಸೈತಾನ ನುಂಗಿ ಸಿಕ್ಕಿಬಿದ್ದ. ಚೆಂದದ ಚಿತ್ರ. ಆದರೆ ದೇವರು ಮೋಸದ ಗಾಳ ಹಾಕಿದರಾ ಅನ್ನುವ ಪ್ರಶ್ನೆ ಏಳುತ್ತದೆ. ಎಲ್ಲವನ್ನೂ ಸೈತಾನನ ತಲೆಗೆ ಕಟ್ಟಿ ನಾವು ಕೈ ತೊಳೆದುಕೊಳ್ಳುವ ಅಪಾಯವೂ ಇದೆ.

ಇಂಗ್ಲೆಂಡಿನ ಆರ್ಚ್‌ಬಿಷಪ್ ಆಗಿದ್ದ ಅನ್ಸೆಲ್ಮ್ 1098ರ ಹೊತ್ತಿಗೆ ಬೇರೆ ವಿವರಣೆ ಕೊಟ್ಟರು. ಪಾಪದಿಂದ ದೇವರ ಗೌರವಕ್ಕೆ ಕುಂದು ಬಂತು. ಮನುಷ್ಯ ಅದನ್ನು ತುಂಬಿಕೊಡಬೇಕು, ಅವನಿಂದ ಆಗದು. ಆಗುವುದು ದೇವರಿಂದ ಮಾತ್ರ. ಹಾಗಾಗಿ ದೇವರೂ ಮನುಷ್ಯನೂ ಆದವರೇ ಬರಬೇಕಾಯಿತು. ತರ್ಕ ಗಟ್ಟಿ. ಆದರೆ ಅದರಲ್ಲಿ ಆ ಕಾಲದ ಜಮೀನ್ದಾರಿ ವಾಸನೆ ಇದೆ, ದೇವರು ಮಾನಕ್ಕೆ ಅಂಜುವ ಒಡೆಯರಂತೆ ಕಾಣುತ್ತಾರೆ. ಅವರ ನಂತರದ ಫ್ರಾನ್ಸಿನ ಪಂಡಿತ ಅಬೆಲಾರ್ಡ್ ಹೆಚ್ಚಾಗಿ ಪ್ರೀತಿಯನ್ನು ಎತ್ತಿ ಹಿಡಿದರು. ಶಿಲುಬೆ ನೋಡಿದವನ ಮನಸ್ಸು ಕರಗುತ್ತದೆ, ತಿರುಗುತ್ತದೆ. ಸರಿ, ಕರಗದ ಮನಸ್ಸಿಗೆ? ಅದಕ್ಕೆ ಇಲ್ಲಿ ಉತ್ತರ ಸಾಲದು. 16ನೆಯ ಶತಮಾನದಲ್ಲಿ ಪ್ರೊಟೆಸ್ಟೆಂಟ್ ಸುಧಾರಕ ಕಾಲ್ವಿನ್ ಬಂದರು, ಕಾನೂನು ಓದಿದವರು. ನಮಗೆ ಬರಬೇಕಿದ್ದ ಶಿಕ್ಷೆಯನ್ನು ಕ್ರಿಸ್ತ ಹೊತ್ತರು ಅಂದರು. ಹಲವು ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಇವತ್ತಿಗೂ ಜಾಸ್ತಿ ಕೇಳುವುದು ಇದೇ. ತಪ್ಪು ತಪ್ಪೇ, ಅದನ್ನು ಹಗುರ ಮಾಡಬಾರದು ಅನ್ನುವುದು ಇದರ ಬಲ. ಅಪಾಯ ನೀವು ಅನುಭವಿಸಿದ್ದೇ: ಅವಸರದಲ್ಲಿ ಹೇಳಿದರೆ ಸಿಟ್ಟಿನ ತಂದೆ, ಏಟು ತಿನ್ನುವ ಮಗ ಅನ್ನುವ ಚಿತ್ರ ಉಳಿಯುತ್ತದೆ. ನನ್ನ ಪ್ರಾಣವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ನಾನಾಗಿ ಕೊಡುತ್ತೇನೆ ಅಂತ ಯೇಸು ಹೇಳಿದ್ದು ಮರೆತುಹೋಗುತ್ತದೆ.

ನನ್ನನ್ನು ಕೇಳಿದರೆ, ಯಾವುದೋ ಒಂದನ್ನೇ ಹಿಡಿದು ಕೂತವರಿಗಿಂತ ಎರಡು ಮೂರನ್ನು ಒಟ್ಟಿಗೆ ಇಟ್ಟುಕೊಂಡವರು ಬೈಬಲ್ಲಿಗೆ ಹತ್ತಿರ.

ಈಗ ನಿಮ್ಮ ಅಪ್ಪನ ಗದ್ದೆಗೆ ಬರೋಣ. ಸುಮ್ನೆ ಕ್ಷಮಿಸಬಹುದಿತ್ತಲ್ಲ ಅಂತ ಕೇಳಿದಿರಿ. ಸುಮ್ನೆ ಆಗುವ ಕ್ಷಮೆ ಇಲ್ಲ ಅಂತ ನಿಮ್ಮ ಮನೆಯೇ ಹೇಳುತ್ತಿದೆ. ಸಾಲ ಮನ್ನಾ ಅಂದರೂ ಆ ದುಡ್ಡು ಯಾರದ್ದೋ ಕೈಯಿಂದ ಹೋಗಿರುತ್ತದೆ. ಮಾಡಿದವನು ಕೊಡದಿದ್ದರೆ ಕ್ಷಮಿಸಿದವರ ಮೇಲೆ ಬೀಳುತ್ತದೆ. ಇಷ್ಟರ ಮಟ್ಟಿಗೆ ನಿಮ್ಮ ಅಪ್ಪ ಮಾಡಿದ್ದೂ ಶಿಲುಬೆಯೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ.

ಆದರೆ ಒಂದು ಕಡೆ ಎರಡೂ ಪೂರ್ತಿ ಬೇರೆ. ನಿಮ್ಮ ಅಪ್ಪ ಮುಚ್ಚಿ ತೀರಿಸಿದರು. ಊರಿಗೆ ವ್ಯಾಪಾರದ ಕಥೆ ಹೇಳಿದರು. ಮಗನಿಗೆ ಮಾತೇ ಆಡಲಿಲ್ಲ. ಎಷ್ಟು ಹೋಯಿತು, ಅದರಿಂದ ಯಾರು ಬಳಲಿದರು ಅಂತ ಅವನ ಕಿವಿಗೆ ಬೀಳಲೇ ಇಲ್ಲ. ಅವರನ್ನು ದೂರುತ್ತಿಲ್ಲ, ಮಗನ ಮೇಲಿನ ಪ್ರೀತಿ ಮತ್ತು ಮಾನದ ಭಯ ಸೇರಿದರೆ ಯಾವ ಅಪ್ಪನಾದರೂ ಹಾಗೇ ಮಾಡಿಯಾನು. ಶಿಲುಬೆ ಮುಚ್ಚಿದ್ದಲ್ಲ. ಊರ ಹೊರಗೆ ಎಲ್ಲರ ಕಣ್ಣೆದುರು ನಡೆದದ್ದು. ಮನುಷ್ಯ ಎಂಥವನು, ಅವನ ದಂಗೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಅದು ತೋರಿಸುತ್ತದೆ. ದೇವರನ್ನು ಪಕ್ಕಕ್ಕೆ ತಳ್ಳಬೇಕು ಅಂತ ಶುರುವಾದದ್ದು ದೇವರೇ ಎದುರು ಬಂದಾಗ ಮೊಳೆ ಹೊಡೆಯುವವರೆಗೆ ಬಂತು. ಅದನ್ನು ತೋರಿಸಿಯೇ ಕ್ಷಮೆ ಕೊಡುತ್ತದೆ. ತಪ್ಪಿನ ಹೆಸರು ಹೇಳದೆ ಕೊಟ್ಟ ಕ್ಷಮೆ ನಿಮ್ಮ ಅಣ್ಣನಿಗೆ ಕ್ಷಮೆಯಾಗಿ ತಲುಪಲಿಲ್ಲ. ಏನೂ ಆಗಿಲ್ಲ ಅನ್ನುವ ಸುದ್ದಿಯಾಗಿ ತಲುಪಿತು.

ಪಾಪನಿವೇದನೆಯ ಬಗ್ಗೆಯೂ ಇದೇ ತಪ್ಪು ತಿಳಿವಳಿಕೆ ಇದೆ. ವಾರವೆಲ್ಲ ಬೇಕಾದ್ದು ಮಾಡು, ಶನಿವಾರ ಪಾದ್ರಿಯ ಕಿವಿಯಲ್ಲಿ ಹೇಳು, ಮುಗಿಯಿತು ಅಂತ. ಹಾಗಿಲ್ಲ. ಕದ್ದದ್ದನ್ನು ವಾಪಸ್ ಕೊಡಬೇಕು. ಹಾಳು ಮಾಡಿದ ಹೆಸರನ್ನು ಕೈಲಾದಷ್ಟು ಸರಿ ಮಾಡಬೇಕು. ಕ್ಷಮೆ ಪಾಪ ಕಳೆಯುತ್ತದೆ, ಪಾಪದಿಂದಾದ ಹಾನಿಯನ್ನೆಲ್ಲ ಕಳೆಯುವುದಿಲ್ಲ ಅಂತ ಧರ್ಮೋಪದೇಶದಲ್ಲೇ ಇದೆ. ತೆರಿಗೆ ವಸೂಲಿಯ ಜಕ್ಕಾಯನ ಮನೆಗೆ ಯೇಸು ಅತಿಥಿಯಾಗಿ ಹೋದರು, ಬೈಯಲಿಲ್ಲ. ಅವನೇ ಎದ್ದು ನಿಂತು, ಯಾರಿಗೆ ಮೋಸ ಮಾಡಿದ್ದೇನೋ ಅವರಿಗೆ ನಾಲ್ಕರಷ್ಟು ಕೊಡುತ್ತೇನೆ ಅಂದ. ಬಿತ್ತಿದ್ದನ್ನೇ ಕೊಯ್ಯುತ್ತೀರಿ ಅಂತ ಪೌಲರೂ ಬರೆದಿದ್ದಾರೆ. ನಿಮ್ಮ ‘ಮಾಡಿದ್ದುಣ್ಣೋ ಮಹಾರಾಯ’ ನಮ್ಮಲ್ಲೂ ಇದೆ. ಅಷ್ಟಕ್ಕೇ ಮುಗಿದರೆ ಯಾರಿಗೂ ಉಳಿಗಾಲ ಇಲ್ಲ ಅನ್ನುವುದು ಅದಕ್ಕೆ ನಾವು ಸೇರಿಸುವ ಮಾತು.

ಲೂಕನ 15ನೇ ಅಧ್ಯಾಯದಲ್ಲಿ ಪಾಲು ತಗೊಂಡು ಹೋಗಿ ಹಾಳು ಮಾಡಿ ಬಂದ ಕಿರಿಯ ಮಗನ ಕಥೆ ಇದೆ. ಎಲ್ಲರೂ ಅವನ ಬಗ್ಗೆಯೇ ಮಾತಾಡುತ್ತಾರೆ. ನೀವು ಹಿರಿಯ ಮಗನ ಭಾಗ ಓದಿ. ಇಷ್ಟು ವರ್ಷ ದುಡಿದೆ, ನನಗೆ ಒಂದು ಆಡಿನ ಮರಿಯನ್ನೂ ಕೊಡಲಿಲ್ಲ ಅಂತ ಅವನು ಅಂಗಳದಲ್ಲೇ ನಿಲ್ಲುತ್ತಾನೆ. ಅಪ್ಪ ಹೊರಗೆ ಬಂದು ಅವನನ್ನೂ ಕರೆಯುತ್ತಾನೆ. ಅವನ ಸಿಟ್ಟು ಸುಳ್ಳು ಅಂತ ಕಥೆ ಹೇಳುವುದಿಲ್ಲ. ಆದರೆ ಸಿಟ್ಟಿನಲ್ಲಿ ಅವನು ‘ನನ್ನ ತಮ್ಮ’ ಅನ್ನುವುದಿಲ್ಲ, ‘ನಿಮ್ಮ ಈ ಮಗ’ ಅನ್ನುತ್ತಾನೆ. ನಾನು ಮೇಲೆ ಹೇಳಿದ ಸಭ್ಯರ ದಂಗೆ ಇದೇ. ಒಳಗೆ ಹೋದನಾ ಇಲ್ಲವಾ, ಯೇಸು ಹೇಳಲಿಲ್ಲ.

ಅಣ್ಣನ ಹೊಸ ಸಾಲದ ಬಗ್ಗೆ ಮಾತ್ರ ಖಡಾಖಂಡಿತ ಹೇಳುತ್ತೇನೆ. ‘ನಿನ್ನ ಶಿಲುಬೆ, ನೀನೇ ಹೊರು’ ಅಂತ ಕುಡುಕ ಗಂಡಂದಿರ ಹೆಂಡತಿಯರಿಗೆ, ಅಕ್ಕತಂಗಿಯರಿಗೆ ಹೇಳಿ ಕಳಿಸುವ ಅಭ್ಯಾಸ ನಮ್ಮಲ್ಲಿ ಕೆಲವರಿಗಿದೆ. ಅದು ಶಿಲುಬೆಯ ದುರುಪಯೋಗ. ಲೋಕದ ಪಾಪ ಹೊರುವ ಕೆಲಸ ಆಗಿದೆ, ಅದನ್ನು ನಿಮ್ಮ ಸಂಬಳದಿಂದ ಮತ್ತೆ ಮಾಡಬೇಕಾಗಿಲ್ಲ. ನೀವು ಮತ್ತೆ ತೀರಿಸಿದರೆ ಮೂರನೇ ಸಾಲ ಬರುವ ಸಂಭವವೇ ಜಾಸ್ತಿ. ಪೂರ್ತಿ ಕೈಬಿಟ್ಟರೆ ಅವನು ಇನ್ನೂ ಕೆಳಗಿಳಿಯಬಹುದು, ನಿಮ್ಮ ಮನಸ್ಸೂ ಕಲ್ಲಾಗಬಹುದು. ನಡುವಿನ ದಾರಿಯೇ ಕಷ್ಟದ್ದು: ಸಿಟ್ಟು ಬಿಡಿ, ಸಹಿ ಹಾಕಬೇಡಿ. ಜಾಮೀನು ನಿಂತರೆ ಸೊಸೈಟಿಯವರು ನಿಮ್ಮ ಬೆನ್ನು ಹತ್ತಬಹುದು. ಅಪ್ಪ ಆಡದ ಮಾತನ್ನು ಯಾರಾದರೂ ಆಡಲಿ, ಗದ್ದೆ ಹೋದದ್ದು ಯಾಕೆ ಅಂತ ಅವನು ಕುಡಿಯದೇ ಇರುವ ಹೊತ್ತಿನಲ್ಲಿ ಹೇಳಲಿ. ಅಪ್ಪನೇ ಹೇಳಿದರೆ ಇನ್ನೂ ಒಳ್ಳೆಯದು. ಕುಡಿತ ಕಾಯಿಲೆಯೂ ಹೌದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಲಿ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೆ ಅಪಾಯ ಆಗಬಹುದು, ಡಾಕ್ಟರ ಸಲಹೆ ಬೇಕು. ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರಗಳಿವೆ, ಅಲ್ಲಿಗೂ ಹೋಗಬಹುದು. ಪಾದ್ರಿಯಾಗಿ ಇದನ್ನು ಹೇಳಲು ನನಗೆ ಸಂಕೋಚ ಇಲ್ಲ.

ಕೊನೆಯ ಪ್ರಶ್ನೆ ಸುಲಭದ್ದು. ಶಿಲುಬೆಗೆ ಯಾರು ಬೇಕಾದರೂ ಮುತ್ತಿಡಬಹುದು, ಕೈಮುಗಿದು ಬಂದರೂ ಸಾಕು. ಡಿಸೆಂಬರ್ 3ಕ್ಕೆ ಚಂದಾವರದ ಇಗರ್ಜಿಯ ಹಬ್ಬಕ್ಕೆ ಎಲ್ಲ ಧರ್ಮದವರೂ ಬರುತ್ತಾರಲ್ಲ, ಹಾಗೆಯೇ. ಪ್ರಸಾದ ಮಾತ್ರ ದೀಕ್ಷಾಸ್ನಾನ ಪಡೆದ ನಮ್ಮ ಸಭೆಯವರಿಗೆ. ಅದು ನಮಗೆ ಬರೀ ಪ್ರಸಾದ ಅಲ್ಲ, ಕ್ರಿಸ್ತರ ಶರೀರ. ಹಾಗಾಗಿ ಕೂತೇ ಇರಿ, ಯಾರೂ ತಪ್ಪು ತಿಳಿಯುವುದಿಲ್ಲ. ಶುಭ ಶುಕ್ರವಾರ ಬಲಿಪೂಜೆಯೇ (ಮಾಸ್) ಇರುವುದಿಲ್ಲ, ಹಿಂದಿನ ದಿನದ ಪ್ರಸಾದವನ್ನೇ ಅವತ್ತು ಹಂಚುತ್ತಾರೆ. ಬಲಿಪೂಜೆ ನೋಡಬೇಕು ಅಂತಿದ್ದರೆ ಯಾವುದಾದರೂ ಭಾನುವಾರ ಬೆಳಿಗ್ಗೆ ಗೆಳತಿಯ ಜೊತೆ ಬನ್ನಿ.